ಒಂದೇ ಪರದೆಗೆ ಆರು ಕೈ

ವೇದಾವತಿಯವರ ಬೆರಳುಗಳು ಸುಮ್ಮನಿರುವುದನ್ನು ಮಧುಗಿರಿಯಲ್ಲಿ ಯಾರೂ ಕಂಡಿಲ್ಲ. ಯಾರಾದರೂ ಎದುರಿಗೆ ಕೂತು ಮಾತಾಡಿದರೆ ಸಾಕು, ತೊಡೆಯ ಮೇಲೆ, ಸೀರೆಯ ನೆರಿಗೆಯ ಮೇಲೆ, ಆ ಮಾತೆಲ್ಲ ಅಕ್ಷರ ಅಕ್ಷರವಾಗಿ ಟೈಪಾಗುತ್ತಿರುತ್ತದೆ. ಹಿಂದೆ ಹೆಣ್ಣು ನೋಡಲು ಬಂದ ಎರಡು ಮನೆಯವರು ಹುಡುಗಿಗೆ ನರದ ತೊಂದರೆ ಇರಬೇಕೆಂದುಕೊಂಡು ಕಾಫಿ ಮುಗಿಸಿ ಎದ್ದು ಹೋಗಿದ್ದರು. ಮೂರನೆಯವರಾಗಿ ಬಂದ ರುದ್ರಯ್ಯ ತಂತಿ ಕಚೇರಿಯ ನೌಕರರು. ಅವರ ತೋರುಬೆರಳೂ ಕುರ್ಚಿಯ ಕೈಯ ಮೇಲೆ ಕಟ್ಟು ಕಡ, ಕಟ್ಟು ಕಡ ಎಂದು ತಂತಿ ಸಂದೇಶ ಕುಟ್ಟುತ್ತಲೇ ಇತ್ತು. ಇಬ್ಬರೂ ಒಬ್ಬರ ಬೆರಳನ್ನು ಇನ್ನೊಬ್ಬರು ನೋಡಿಕೊಂಡರು. ನಗು ತಡೆಯಲಾಗಲಿಲ್ಲ. ಮದುವೆಯಾಯಿತು. ಅದಾಗಿ ಮೂವತ್ತನಾಲ್ಕು ವರ್ಷ.

ವೇದಾವತಿಯವರ ಟೈಪಿಂಗ್ ಶಾಲೆ ಇರುವುದು ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಆಚೆ, ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪುರವರದಿಂದ ಬಸ್ಸಿನಲ್ಲಿ ಬಂದು ಅದೇ ಕೋಣೆಯಲ್ಲಿ ನಾಗಲಿಂಗಯ್ಯ ಮೇಷ್ಟ್ರ ಹತ್ತಿರ ಕಲಿತವರು ಅವರು. ಮೇಷ್ಟ್ರ ಮಂಡಿ ಮೆಟ್ಟಿಲು ಹತ್ತಲು ಒಪ್ಪದ ದಿನ ಬೀಗದ ಕೈ ಇವರ ಕೈಗೆ ಬಂತು. ಇಂದು ಮಧುಗಿರಿ, ಕೊರಟಗೆರೆ, ಪಾವಗಡದ ಯಾವ ಕಚೇರಿಗೆ ಕಾಲಿಟ್ಟರೂ ಒಬ್ಬರಾದರೂ ಎದ್ದು ನಿಂತು ಮಿಸ್ ಕೂತ್ಕೊಳ್ಳಿ ಅನ್ನುತ್ತಾರೆ.

ಅವರು ಕಲಿಸುವ ಬಗೆ ಮೇಷ್ಟ್ರದೇ. ಮರದ ರೂಲರಿನಿಂದ ಮೇಜಿಗೆ ಒಂದು ಏಟು ಹಾಕಿದರೆ ಎಲ್ಲರೂ ಒಂದು ಅಕ್ಷರ ಹೊಡೆಯಬೇಕು. ಎ ಎಸ್ ಡಿ ಎಫ್ ಜಿ ಎಫ್. ಇನ್ನೊಂದು ಏಟಿಗೆ ಇನ್ನೊಂದು. ಒಂಬತ್ತು ಯಂತ್ರಗಳು ಒಟ್ಟಿಗೆ ನಡೆಯುವಾಗ ಕೆಳಗಿನ ಅಂಗಡಿಯ ಸ್ಟೀಲ್ ಲೋಟಗಳು ಸಣ್ಣಗೆ ದನಿಗೂಡಿಸುತ್ತಿದ್ದವಂತೆ.

ಈಗ ಒಂಬತ್ತು ಯಂತ್ರಗಳಿಗೆ ಮೂವರು ವಿದ್ಯಾರ್ಥಿಗಳು. ಮೊದಲನೆಯವಳು ಐಮನ್. ಬಿಕಾಂ ಎರಡನೆಯ ವರ್ಷ, ಹಾಸಿಗೆ ಹೊಲಿಯುವ ಕರೀಮ್ ಸಾಬರ ಮಗಳು. ಕಾಳು ಹೆಕ್ಕುವ ಗುಬ್ಬಿಯಂಥ ಬೆರಳು. ಎರಡನೆಯವಳು ಪಟಾಲಮ್ಮ. ಪುರವರದ ಹತ್ತಿರದ ಹಳ್ಳಿಯ ಸೊಸೆ, ಹಾಲಿನ ಡೈರಿಯಲ್ಲಿ ಕೆಲಸ ಹಿಡಿಯಬೇಕೆಂಬ ಆಸೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮೂರನೆಯವರು ಸರ್ಕಾರಿ ಕಚೇರಿಯೊಂದರ ಅಟೆಂಡರ್ ಭೀಮರಾಜು. ನಲವತ್ತನಾಲ್ಕು ವರ್ಷ. ಟೈಪಿಂಗ್ ಪಾಸಾದರೆ ಬಡ್ತಿ. ಇಪ್ಪತ್ತು ವರ್ಷ ಸೀಲು ಹೊಡೆದ ಕೈಯಾದ್ದರಿಂದ ಅವರು ಅಕ್ಷರವನ್ನು ಒತ್ತುವುದಿಲ್ಲ, ಹೊಡೆದೇ ಹಾಕುತ್ತಾರೆ.

ಹೀಗಿರುವಾಗ ಮುಂದಿನ ಪರೀಕ್ಷೆ ಕಂಪ್ಯೂಟರಿನ ಮೇಲೆ ಎಂಬ ಸುದ್ದಿ ಬಂತು. ಶಾಲೆಯಲ್ಲಿದ್ದದ್ದು ಒಂದೇ ಕಂಪ್ಯೂಟರು. ಮುಚ್ಚಿಹೋದ ಮುದ್ರಣಾಲಯದಿಂದ ತಂದದ್ದು, ಬಿಳಿ ಬಣ್ಣ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಅದರ ಬೆನ್ನಿಗೆ ನಾಲ್ಕು ಯುಎಸ್‌ಬಿ ಪೋರ್ಟುಗಳು. ಎರಡು ಸತ್ತಿದ್ದವು. ಒಂದಕ್ಕೆ ಮೌಸು, ಒಂದಕ್ಕೆ ಕೀಬೋರ್ಡು. ಅಲ್ಲಿಗೆ ಮುಗಿಯಿತು.

ಸೋಮವಾರ ಕರೀಮ್ ಸಾಬರು ಮೆಟ್ಟಿಲು ಹತ್ತಿ ಬಂದರು. ಹುಬ್ಬಿನ ಮೇಲೆ ಹತ್ತಿಯ ಎಳೆ ಹಾಗೇ ಕೂತಿತ್ತು. ರಸ್ತೆಯ ಆ ಬದಿಗೆ ಹನ್ನೆರಡು ಕಂಪ್ಯೂಟರುಗಳ ಹೊಸ ಸೆಂಟರು ಬಂದಿದೆ, ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು, ತಣ್ಣನೆಯ ಗಾಳಿ ಬೇರೆ ಎಂದು ನೆಲ ನೋಡುತ್ತಲೇ ಹೇಳಿದರು. ಅವರಿಗೂ ಆ ಮಾತು ಕಷ್ಟವಾಗುತ್ತಿತ್ತು.

"ಶನಿವಾರದ ಗಂಟ ನೋಡ್ತೀನಿ ಮೇಡಂ. ಕಂಪ್ಯೂಟರ್‌ನಾಗೆ ಕಲಿಸಿದ್ರೆ ನಮ್ ಐಮನ್ ಇಲ್ಲೇ. ಇಲ್ಲಾಂದ್ರೆ ಸೋಮವಾರದಿಂದ ಆ ಕಡೆ. ಬೇಜಾರ್ ಮಾಡ್ಕೋಬೇಡಿ."

ಐಮನ್ ಹೋದರೆ ತಾವೂ ಹೋಗುವುದಾಗಿ ಉಳಿದಿಬ್ಬರೂ ಬಾಯಿಬಿಟ್ಟು ಹೇಳಿದರು. ತಪ್ಪು ಅವರದ್ದಲ್ಲ, ಪರೀಕ್ಷೆ ಅವರದ್ದು. ವೇದಾವತಿ ಆಯಿತು ಎಂದರು. ಮೂವರೂ ಹೋದರೆ ಆ ಕೋಣೆಯಲ್ಲಿ ರೂಲರು ಇರುತ್ತದೆ, ಏಟಿಗೆ ಓಗೊಡುವ ಕೈ ಇರುವುದಿಲ್ಲ. ಅವರ ಬೆರಳು ಸೀರೆಯ ಮೇಲೆ ಶನಿವಾರ, ಶನಿವಾರ ಎಂದು ಎರಡು ಸಲ ಟೈಪು ಮಾಡಿತು.

ಸಂಜೆ ಕಾಫಿಯ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದರು. ರುದ್ರಯ್ಯನವರಿಗೆ ಲೋಕದ ಪ್ರತಿ ತೊಂದರೆಗೂ ತಂತಿ ಕಚೇರಿಯಲ್ಲೇ ಪರಿಹಾರ. ಅವರ ಕಾಲದಲ್ಲಿ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ನಾಲ್ಕೂ ಊರಿನವರು ಒಂದೇ ತಂತಿಯ ಮೇಲೆ ಕೂತು ಕುಟ್ಟುತ್ತಿದ್ದರಂತೆ. "ಒಂದು ತಂತಿಗೆ ನಾಲ್ಕೂರು ಕೈ ಹಾಕಬೋದಾದ್ರೆ, ಒಂದು ಕಂಪ್ಯೂಟರ್ಗೆ ಮೂರು ಜನ ಯಾಕೆ ಹಾಕಬಾರ್ದು? ಪೋರ್ಟ್ ಇಲ್ಲ ತಾನೆ? ಒಂದರಿಂದ ನಾಲ್ಕು ಮಾಡೋ ಡಬ್ಬಿ ಸಿಗುತ್ತಂತೆ. ಹಬ್ ಅಂತಾರೆ. ತಗೊಂಬಾ."

ವೇದಾವತಿಯವರಿಗೆ ಆ ಮಾತು ಎಷ್ಟು ಸರಿಯೆನಿಸಿತೆಂದರೆ ಕಾಫಿ ಆರಿಹೋಯಿತು. ಮೂವರಿಗೆ ಮೂರು ಕೀಬೋರ್ಡು, ಮೂರಕ್ಕೂ ಸೇರಿ ಒಂದು ಹಬ್. ಪರದೆ ಒಂದೇ ಎಂಬುದು ಗಂಡನಿಗೂ ಹೊಳೆಯಲಿಲ್ಲ, ಹೆಂಡತಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಜೀವಮಾನವಿಡೀ ಟೈಪ್‌ರೈಟರು ಕಂಡವರಿಗೆ ಕೈ ಎಲ್ಲಿದೆಯೋ ಕಾಗದವೂ ಅಲ್ಲೇ ಇರುತ್ತದೆ.

ಮಂಗಳವಾರ ಬೆಳಿಗ್ಗೆ ಮೊಬೈಲ್ ಅಂಗಡಿಯಲ್ಲಿ ಸಿಕ್ಕಿದ ಹಬ್ ಒಂದೇ ಒಂದು ಬಗೆಯದು. ಬೆಂಕಿಪೊಟ್ಟಣದಷ್ಟು ಮೈ, ಗೇಣುದ್ದ ಬಾಲ, ನಾಲ್ಕು ಬಾಯಿ. ಎರಡು ಹೊಸ ಕೀಬೋರ್ಡುಗಳ ಜೊತೆಗೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಐವತ್ತೈದು ವರ್ಷದವರು ಹಾಗೆ ಹತ್ತಿದ್ದನ್ನು ಪಾತ್ರೆ ಅಂಗಡಿಯವರು ನೋಡಿದ್ದಾರೆ.

ಬಾಲ ಗಿಡ್ಡವಾದ್ದರಿಂದ ಮೂವರೂ ಒಂದೇ ಮೇಜಿಗೆ ಮೊಣಕೈ ಮೊಣಕೈ ತಾಗಿಸಿ ಕೂರಬೇಕಾಯಿತು. ವೇದಾವತಿ ರೂಲರು ಎತ್ತಿದರು. ಒಂದು ಏಟು. ಪರದೆಯ ಮೇಲೆ ಮೂರು ಎ ಸಾಲಾಗಿ ನಿಂತವು. ಇನ್ನೊಂದು ಏಟು. ಮೂರು ಎಸ್. ನೋಡಲು ಚೆನ್ನಾಗಿಯೇ ಇತ್ತು, ಮೂವರು ಮಕ್ಕಳು ಕೈ ಹಿಡಿದು ನಿಂತ ಹಾಗೆ. ಇದು ಸರಿಯೋ ತಪ್ಪೋ ಎಂದು ವೇದಾವತಿ ತಲೆ ಓರೆ ಮಾಡುವಷ್ಟರಲ್ಲಿ ಭೀಮರಾಜುವಿನ ಕಿರುಬೆರಳು ಶಿಫ್ಟಿನ ಮೇಲೆ ಕೂತುಬಿಟ್ಟಿತು. ಮೂವರ ಅಕ್ಷರಗಳೂ ಒಟ್ಟಿಗೆ ದೊಡ್ಡಕ್ಷರಗಳಾದವು. ಐಮನ್ ಗಾಬರಿಯಿಂದ ಅಳಿಸುವ ಕೀಲಿ ಒತ್ತಿದಳು.

"ಮೇಡಮ್ಮೋರೆ, ನಾನ್ ಹೊಡ್ದಿದ್ ಅಕ್ಸರನ ಈ ಹುಡ್ಗಿ ತಿಂದಾಕ್ತಾವ್ಳೆ ನೋಡ್ರಿ," ಅಂದರು ಭೀಮರಾಜು. ಟೈಪ್‌ರೈಟರಿನಲ್ಲಿ ಹೊಡೆದ ಅಕ್ಷರ ಹೊಡೆದದ್ದೇ. ಅದು ಮಾಯವಾಗುವುದನ್ನು ಅವರು ಕಂಡಿದ್ದೇ ಅಂದು.

"ನಂದನ್ನ ನಾನ್ ಅಳಿಸ್ದೆ ಅಂಕಲ್. ನಿಮ್ದು ಬಂದು ನನ್ ಪಕ್ಕ ಯಾಕೆ ನಿಂತ್ಕೋಬೇಕಿತ್ತು?"

ಪಾಠ ಬೇರೆ ಬೇರೆ ಕೊಟ್ಟರೆ ಸರಿಹೋದೀತೆಂದು ವೇದಾವತಿ ಮೂವರಿಗೂ ಮೂರು ಪತ್ರ ಕೊಟ್ಟರು. ಐಮನ್‌ಗೆ ಬ್ಯಾಂಕಿನ ಪತ್ರ, ಪಟಾಲಮ್ಮನಿಗೆ ಡೈರಿಯ ಪತ್ರ, ಭೀಮರಾಜುವಿಗೆ ರಜೆ ಅರ್ಜಿ. ಐದು ನಿಮಿಷದಲ್ಲಿ ಬ್ಯಾಂಕಿನ ಹೊಟ್ಟೆಯೊಳಗೆ ಹಸು ಬಂದು ನಿಂತಿತು, ಹಸುವಿಗೆ ಎರಡು ದಿನ ಜ್ವರವೆಂದು ರಜೆ ಬೇಕಾಯಿತು. ಐಮನ್ ಅದನ್ನು ಗಟ್ಟಿಯಾಗಿ ಓದಲು ಹೋಗಿ ಅರ್ಧಕ್ಕೆ ಮೇಜಿನ ಮೇಲೆ ತಲೆ ಇಟ್ಟಳು. ಪಟಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಭೀಮರಾಜು ಮಾತ್ರ ಮುಖ ಗಂಭೀರವಾಗಿಟ್ಟುಕೊಂಡು, ಇಂಥಾ ಅರ್ಜಿ ತಮ್ಮ ಕಚೇರಿಗೆ ಬಂದರೆ ಸಾಹೇಬರು ಕಣ್ಣುಮುಚ್ಚಿ ಸಹಿ ಹಾಕುತ್ತಾರೆ ಎಂದರು.

ವೇದಾವತಿ ಮನೆಗೆ ಫೋನು ಮಾಡಿದರು. ನಾಲ್ಕೂರು ಒಂದೇ ತಂತಿಯ ಮೇಲೆ ಹೇಗೆ ಮಾತಾಡುತ್ತಿದ್ದಿರಿ ಎಂದು ಕೇಳಿದರು. ರುದ್ರಯ್ಯ ಆಶ್ಚರ್ಯಪಟ್ಟರು. "ಒಬ್ಬ ಕುಟ್ಟುವಾಗ ಉಳಿದೋರು ಸುಮ್ನಿರಬೇಕಲ್ಲ ಕಣೆ. ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ?"

ಬುಧವಾರ ತರಗತಿಗೆ ಬಂದಾಗ ವೇದಾವತಿಯವರ ಕೈಯಲ್ಲಿ ರೂಲರಿತ್ತು, ತಲೆಯಲ್ಲಿ ಏನೂ ಇರಲಿಲ್ಲ. ಸರದಿಯ ಮೇಲೆ ಒಬ್ಬೊಬ್ಬರೇ ಕೂರುವುದಾದರೆ ಹಬ್ ಯಾಕೆ, ಒಂದೇ ಕೀಬೋರ್ಡು ಸಾಕಿತ್ತು. ಆಗ ದಿನದ ಹತ್ತು ಮಾತಿನಲ್ಲಿ ಒಂದನ್ನೂ ಖರ್ಚು ಮಾಡದೆ ಕೂತಿದ್ದ ಪಟಾಲಮ್ಮ ಒಟ್ಟಿಗೇ ಆಡಿಬಿಟ್ಟಳು.

"ಅಕ್ಕ, ಮೊನ್ನೆ ತಂಬಿಟ್ಗೆ ನಾನು, ನಮ್ಮತ್ತೆ, ನಮ್ ನಾದಿನಿ ಒಂದೇ ಒರಳಿಗೆ ಕುಟ್ಟಿದ್ವಿ. ಮೂರು ಒನಕೆನೂ ಒಂದೇ ಸಲ ಬುಟ್ರೆ ಒಂದ್ಕೊಂದು ತಗಲ್ತವೆ. ಒಂದು ಎದ್ದಾಗ ಒಂದು ಬೀಳ್ಬೇಕು. ಇದೂ ಅಂಗೇ ಅಲ್ವಾ?"

ವೇದಾವತಿ ಪುರವರದವರು. ಹಿಟ್ಟು ಕುಟ್ಟುವ ಹೆಂಗಸರು ಸ್ಸು ಸ್ಸು ಎಂದು ಉಸಿರು ಬಿಡುವ ಸದ್ದು ಅವರ ಮೂಳೆಯಲ್ಲೇ ಇತ್ತು. ಒರಳು ಒಂದು, ಒನಕೆ ಮೂರು. ಯಾರೂ ಯಾರಿಗೂ ಕಾಯುವುದಿಲ್ಲ, ಆದರೂ ಯಾರದೂ ಯಾರಿಗೂ ತಾಗುವುದಿಲ್ಲ. ಅವರು ಬೆರಳು ಮಡಿಸಿ ಎಣಿಸಿದರು. ಎ ಎಸ್ ಡಿ ಎಫ್ ಜಿ ಎಫ್, ಆರು ಅಕ್ಷರ. ಕೊನೆಗೆ ಒಂದು ಖಾಲಿ ಜಾಗ. ಒಟ್ಟು ಏಳು ಏಟು. ಏಳು ಏಟನ್ನು ಮೂವರು ಸರದಿಯಲ್ಲಿ ಹೊಡೆದರೆ ಪ್ರತಿ ಸುತ್ತೂ ಬೇರೆಯವರಿಂದ ಶುರುವಾಗುತ್ತದೆ. ಮೊದಲ ಸುತ್ತಿನ ಎ ಐಮನ್‌ಳದು, ಎರಡನೆಯದು ಪಟಾಲಮ್ಮನದು, ಮೂರನೆಯದು ಭೀಮರಾಜುವಿನದು. ಎಲ್ಲ ಅಕ್ಷರವೂ ಎಲ್ಲರ ಬೆರಳಿಗೂ ಬರುತ್ತದೆ. ಲೆಕ್ಕ ತಾನಾಗಿ ಕೂತುಕೊಂಡಿತು. ಹಿಗ್ಗನ್ನು ಮುಖದಲ್ಲಿ ತೋರಿಸದೆ ಮೇಜಿಗೆ ಏಟು ಹಾಕಿದರು.

ಮೊದಲೆರಡು ಸಲ ಭೀಮರಾಜು ಕೆಡಿಸಿದರು. ಜನ್ಮದಲ್ಲಿ ಒನಕೆ ಮುಟ್ಟದ ಗಂಡಸು. ಪಟಾಲಮ್ಮ ಅವರನ್ನು ಎಬ್ಬಿಸಿ ನಿಲ್ಲಿಸಿ, ಮೂಲೆಯಲ್ಲಿದ್ದ ಕಸಬರಿಕೆಯ ಹಿಡಿ ಕೊಟ್ಟು, ನೆಲಕ್ಕೆ ಕುಟ್ಟಿಸಿದಳು. ತಾನೂ ಛತ್ರಿ ಹಿಡಿದು ಕುಟ್ಟಿದಳು. ಮೂರನೆಯ ಒನಕೆಗೆ ಐಮನ್ ರೂಲರು ಕಸಿದುಕೊಂಡಳು. ಸರ್ಕಾರಿ ನೌಕರರೊಬ್ಬರು ಕಚೇರಿ ವೇಳೆಯಲ್ಲಿ ಕಸಬರಿಕೆಯಿಂದ ಗಾಳಿಯಲ್ಲಿ ತಂಬಿಟ್ಟು ಕುಟ್ಟುತ್ತಿರುವುದನ್ನು ವೇದಾವತಿ ಬಾಗಿಲಿಗೆ ಒರಗಿ ನೋಡಿದರು. ಕೆಳಗಿನಿಂದ ಪಾತ್ರೆ ಅಂಗಡಿಯವರು ಮೇಲೇನಾಗುತ್ತಿದೆ ಎಂದು ಕೂಗಿ ಕೇಳಿದಾಗ, ಟೈಪಿಂಗ್ ಎಂದು ಉತ್ತರ ಕೊಟ್ಟರು.

ಮೂರನೆಯ ಸಲ ಸಾಲು ಹರಿಯಿತು. ಎ, ಎಸ್, ಡಿ, ಎಫ್, ಜಿ, ಎಫ್, ಬಿಡುವು. ಒಂದು ಎದ್ದಾಗ ಒಂದು ಬಿತ್ತು. ಪರದೆಯ ಮೇಲೆ ಒಬ್ಬನೇ ಮನುಷ್ಯ ಹೊಡೆದಂಥ ಶುಭ್ರವಾದ ಸಾಲು, ಕೆಳಗೆ ಮತ್ತೊಂದು, ಅದರ ಕೆಳಗೆ ಮತ್ತೊಂದು. ಯಾರಿಗೂ ನಿಲ್ಲಿಸಲು ಮನಸ್ಸಾಗಲಿಲ್ಲ. ಪುಟ ತುಂಬಿದ ಮೇಲೆ ನಾಲ್ವರೂ ಅದನ್ನು ನೋಡುತ್ತ ಕೂತರು.

ಆಗ ಭೀಮರಾಜು ಕೇಳಿದರು. "ಪರೀಕ್ಸೆಲಿ ನಾವು ಮೂರ್ ಜನಾನೂ ಒಟ್ಗೆ ಕೂತ್ಕಂತೀವಾ ಮೇಡಮ್ಮೋರೆ?"

ಪ್ರಶ್ನೆ ಸರಿಯಾಗಿತ್ತು. ತಾಳ ಕಲಿತದ್ದಾಯಿತು, ಒಬ್ಬೊಬ್ಬರ ಕೈಯನ್ನು ಒಂಟಿಯಾಗಿ ನೋಡಬೇಕಲ್ಲ. ವೇದಾವತಿ ಇಬ್ಬರ ಕೀಬೋರ್ಡು ಕಿತ್ತು ನೋಡಿದರು. ಒಂದನ್ನು ಎಳೆದರೆ ಬೆಂಕಿಪೊಟ್ಟಣದಂಥ ಹಬ್ ಕೂಡ ಜೊತೆಗೆ ಬಂತು. ಮತ್ತೆ ಸಿಕ್ಕಿಸಿದರೆ ಮೂರನೆಯದರ ದೀಪ ಮಂಕಾಗಿ ಆರಿತು. ಬೇಕಾದದ್ದು ಉದ್ದ ಬಾಲದ ಹಬ್, ಗಟ್ಟಿ ಹಬ್, ಯಾರನ್ನು ಬೇಕೋ ಅವರನ್ನು ಕಿತ್ತುಹಾಕದೆ ಸುಮ್ಮನಿರಿಸುವ ಹಬ್. ಮಧುಗಿರಿಯಲ್ಲಿ ಅದು ಇರಲಿಲ್ಲ. ಸಿರಾದಲ್ಲಿ ರಿಯಾಜ್ ಎಂಬವರ ಕಂಪ್ಯೂಟರ್ ಅಂಗಡಿಯಲ್ಲಿ ಎಲ್ಲ ಬಗೆಯೂ ಇರುತ್ತದೆಂದು ಐಮನ್ ಹೇಳಿದಳು.

ವೇದಾವತಿ ಒಬ್ಬರೇ ಹೋಗಿ ಬರುವುದೆಂದಿತ್ತು. ಭೀಮರಾಜು ಒಪ್ಪಲಿಲ್ಲ. "ಎತ್ತು ತರಾಕೋದ್ರೆ ನೊಗಕ್ ಕಟ್ಟಿ ನೋಡ್ದಲೆ ತತ್ತಾರಾ? ನಾವೂ ಬತ್ತೀವಿ, ಕೀಬೋರ್ಡೂ ಬತ್ತವೆ." ಗುರುವಾರ ಅವರು ಅರ್ಧ ದಿನ ರಜೆ ಹಾಕಿದರು. ಅರ್ಜಿಯಲ್ಲಿ ಹಸುವಿನ ಮಾತು ಬರದಂತೆ ಎರಡು ಸಲ ಓದಿ ನೋಡಿದರಂತೆ.

ಸಿರಾ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಮೂವರೂ ತೊಡೆಯ ಮೇಲೆ ಕೀಬೋರ್ಡು ಇಟ್ಟುಕೊಂಡರು, ಬೇರೆಲ್ಲಿಯೂ ಇಡಲು ಜಾಗವಿರಲಿಲ್ಲ. ತೊಡೆಯ ಮೇಲಿದ್ದದ್ದರಿಂದ ಬೆರಳು ಸುಮ್ಮನಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತಿದ್ದ ವೇದಾವತಿ ಹಿಂದಕ್ಕೆ ನೋಡದೆಯೇ ಕಂಬಿಗೆ ಬಳೆ ತಾಗಿಸಿ ಏಟು ಹಾಕಿದರು. ಹೊಂಡ ಬಂದಾಗ ತಾಳ ತಪ್ಪಿತು, ಮತ್ತೆ ಹಿಡಿಯಿತು. ಪಕ್ಕದ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, ಇದು ಹಾರ್ಮೋನಿಯಮ್ಮಾ, ಸದ್ದೇ ಬರ್ತಾ ಇಲ್ವಲ್ಲ ಎಂದು ಕೇಳಿದರು.

"ಸಿರಾಕ್ ಹೋದ್ಮ್ಯಾಲೆ ಬತ್ತದೆ ಅಜ್ಜಿ," ಅಂದರು ಭೀಮರಾಜು.

ರಿಯಾಜ್ ಮೂವತ್ತರ ಆಸುಪಾಸಿನ ಸಾವಧಾನದ ಮನುಷ್ಯ. ಹಬ್ ಬೇಕು ಎಂದ ಕೂಡಲೆ ಗಾಜಿನ ಮೇಲೆ ಆರು ಬಗೆ ಹರಡಿದರು. ಮೊದಲನೆಯದು ಬೆಳ್ಳಿ ಬಣ್ಣದ್ದು, ಲೋಹದ ಮೈ, ಮುಟ್ಟಿದರೆ ತಣ್ಣಗೆ. ಲ್ಯಾಪ್‌ಟಾಪಿನವರು ಇದನ್ನೇ ಕೇಳುತ್ತಾರೆ ಎಂದರು. ವೇದಾವತಿ ಹಳೆಯ ಹಬ್ಬನ್ನು ಚೀಲದಿಂದ ತೆಗೆದು ಪಿನ್ನಿಗೆ ಪಿನ್ನು ಹಿಡಿದು ನೋಡಿದರು. ಬೆಳ್ಳಿಯದ್ದರ ಮೂತಿ ಪುಟ್ಟದು, ಉರುಟು. ತುಪ್ಪದ ಬಣ್ಣದ ಕಂಪ್ಯೂಟರಿಗೆ ಅದು ಹೋಗುವುದಿಲ್ಲ. ಪಕ್ಕಕ್ಕಿಟ್ಟರು.

ಭೀಮರಾಜುವಿನ ಕಣ್ಣು ಮನುಷ್ಯನ ಆಕಾರದ ಹಬ್ ಒಂದರ ಮೇಲೆ ಬಿದ್ದಿತ್ತು. ಎರಡು ಕೈ, ಎರಡು ಕಾಲು, ನಾಲ್ಕರ ತುದಿಗೂ ಒಂದೊಂದು ಪೋರ್ಟು, ಬೇಕಾದ ಹಾಗೆ ಬಗ್ಗುತ್ತದೆ. ಇದನ್ನೇ ತಗೊಳ್ಳೋಣ, ನೋಡಲು ನಮ್ಮ ಗುಮಾಸ್ತರ ಹಾಗೇ ಇದ್ದಾನೆ ಎಂದು ಬಹಳ ಬೇಡಿಕೊಂಡರು. ವೇದಾವತಿ ಅದರ ತೋಳು ಹಿಡಿದು ಸಣ್ಣಗೆ ಅಲ್ಲಾಡಿಸಿದರು. ಲಟಪಟ ಎಂದಿತು. ಭೀಮರಾಜುವಿನ ಏಟಿಗೆ ಇವನು ಒಂದು ವಾರ ಬದುಕುವುದಿಲ್ಲ ಎಂದಾಗ ಭೀಮರಾಜುವೇ ಒಪ್ಪಿಕೊಂಡರು.

ಇನ್ನೊಂದರ ಬಾಯೊಳಗೆ ನೀಲಿ ನಾಲಗೆ. "ಇದು ತ್ರೀ ಪಾಯಿಂಟ್ ಜೀರೋ ಮೇಡಂ. ಹಳೇದಕ್ಕಿಂತ ಹತ್ತು ಪಟ್ಟು ಸ್ಪೀಡ್."

"ನಿಮಿಷಕ್ಕೆ ಎಷ್ಟು ಪದ?" ಎಂದು ವೇದಾವತಿ ಕೇಳಿದರು.

ರಿಯಾಜ್ ಅವರ ಹತ್ತು ವರ್ಷದ ವ್ಯಾಪಾರದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅವರು ಪ್ರಾಮಾಣಿಕವಾಗಿ ಹೇಳಿದರು: ಆ ವೇಗ ಏನಿದ್ದರೂ ಸಿನಿಮಾ, ಫೋಟೋ ಸಾಗಿಸುವವರಿಗೆ. ಕೀಬೋರ್ಡಿಗೆ ಅದರಿಂದ ಕೂದಲೆಳೆಯಷ್ಟೂ ಲಾಭವಿಲ್ಲ. ಅಷ್ಟಕ್ಕೂ ಏನೇನು ಸಿಕ್ಕಿಸಬೇಕು ಎಂದು ಕೇಳಿದರು. ಮೂರು ಕೀಬೋರ್ಡು ಎಂದಳು ಐಮನ್.

"ಮೂರು ಕಂಪ್ಯೂಟರ್‌ಗಾ?"

"ಒಂದಕ್ಕೇ."

ರಿಯಾಜ್ ಕುರ್ಚಿ ಎಳೆದುಕೊಂಡು ಕೂತರು. ಅದು ಹಾಗೆ ಮಾಡುವ ವಸ್ತುವಲ್ಲ, ಎಲ್ಲರ ಅಕ್ಷರವೂ ಒಂದೇ ಕಡೆ ಬಂದು ಬೀಳುತ್ತದೆ, ನಿಮಗೆ ಬೇಕಾದದ್ದು ಮೂರು ಕಂಪ್ಯೂಟರು ಎಂದು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ವೇದಾವತಿ ಪೂರ್ತಿ ಕೇಳಿಸಿಕೊಂಡರು. ಬೆರಳು ಸೀರೆಯ ಮೇಲೆ ಅದನ್ನೆಲ್ಲ ಟೈಪು ಮಾಡಿಕೊಂಡಿತು.

"ಗೊತ್ತಪ್ಪ. ಒಂದೇ ಕಡೆ ಬೀಳ್ಬೇಕು ಅಂತ್ಲೇ ಬಂದಿರೋದು. ಒಬ್ಬೊಬ್ರನ್ನೂ ಬೇರೆ ಬೇರೆ ಆರಿಸೋ ಥರದ್ದು ಐತಾ?"

ರಿಯಾಜ್ ಸ್ಟೂಲು ಹತ್ತಿ, ಅಟ್ಟದ ಮೇಲಿಂದ ದೂಳು ಕುಡಿದ ಒಂದು ಪೆಟ್ಟಿಗೆ ಇಳಿಸಿದರು. ಯಾರೂ ಕೇಳುವುದಿಲ್ಲವೆಂದು ಮೂಲೆಗೆ ತಳ್ಳಿದ್ದಂತೆ. ಒಳಗೆ ಮೊಳದ ಅರ್ಧದಷ್ಟಿದ್ದ ಕಪ್ಪು ಪಟ್ಟಿ. ಏಳು ಪೋರ್ಟು. ಪ್ರತಿಯೊಂದರ ನೆತ್ತಿಯಲ್ಲೂ ಒಂದು ಪುಟ್ಟ ಸ್ವಿಚ್ಚು, ಒಂದು ನೀಲಿ ದೀಪ. ಎರಡು ಮೊಳದ ವೈರು. ಗೋಡೆಗೆ ಸಿಕ್ಕಿಸುವ ಅಡಾಪ್ಟರು ಬೇರೆ. ನಿಮ್ಮ ಕಂಪ್ಯೂಟರು ಹಳೆಯದು, ಮೂವರಿಗೆ ಉಣಿಸುವ ಶಕ್ತಿ ಅದಕ್ಕಿಲ್ಲ, ದೀಪ ಮಂಕಾದದ್ದು ಅದಕ್ಕೇ, ಇದಾದರೆ ಗೋಡೆಯಿಂದ ತಾನೇ ಉಂಡುಕೊಳ್ಳುತ್ತದೆ ಎಂದರು ರಿಯಾಜ್. ಭೀಮರಾಜು ತಲೆದೂಗಿದರು. ತನ್ನ ಮೇವು ತಾನು ತರುವ ಎತ್ತು ಯಾರಿಗೆ ಬೇಡ.

ನೊಗ ಕಟ್ಟುವ ಹೊತ್ತು ಬಂತು. ಅಂಗಡಿಯ ಕಂಪ್ಯೂಟರಿಗೇ ಸಿಕ್ಕಿಸಿದರು. ಐಮನ್ ಕಟ್ಟೆಯ ಮೇಲೆ, ಪಟಾಲಮ್ಮ ಸ್ಟೂಲಿನ ಮೇಲೆ, ಭೀಮರಾಜು ಪ್ರಿಂಟರಿನ ಖಾಲಿ ಡಬ್ಬಿಯ ಮೇಲೆ ಕೂತರು. ಮೂರು ನೀಲಿ ದೀಪ ಹತ್ತಿದವು. ವೇದಾವತಿ ಗಾಜಿಗೆ ಏಟು ಹಾಕಲು ಹೆದರಿ ಚಪ್ಪಾಳೆ ತಟ್ಟಿದರು. ಸಾಲು ಹರಿಯಿತು. ಜೆರಾಕ್ಸಿಗೆ ಬಂದ ಇಬ್ಬರು ಜೆರಾಕ್ಸು ಮರೆತು ನಿಂತರು. ಚಪ್ಪಾಳೆ ಬಿರುಸಾಯಿತು, ಸಾಲೂ ಬಿರುಸಾಯಿತು, ಪಟಾಲಮ್ಮನ ಬಾಯಿಂದ ಸ್ಸು ಸ್ಸು ಎಂಬ ಉಸಿರು ತಾನಾಗಿ ಹೊರಟಿತು. ಆಗ ವೇದಾವತಿ ಪರದೆಗೆ ಬೆನ್ನು ಮಾಡಿಸಿ ಮೂವರನ್ನೂ ತಿರುಗಿಸಿ ಕೂರಿಸಿದರು. ಮೂವರಿಗೂ ಒಂದೊಂದು ಪತ್ರ ಹೊಡೆಯಲು ಹೇಳಿ, ಎರಡು ಸ್ವಿಚ್ಚು ಸದ್ದಿಲ್ಲದೆ ಆರಿಸಿದರು. ಪರದೆಯ ಮೇಲೆ ಪಟಾಲಮ್ಮನ ಡೈರಿ ಪತ್ರ ಒಂದೇ ಒಂಟಿಯಾಗಿ ನಡೆದುಕೊಂಡು ಬಂತು. ಅದನ್ನು ಆರಿಸಿ ಇನ್ನೊಂದನ್ನು ಹಚ್ಚಿದರೆ ಐಮನ್. ಮತ್ತೊಂದಕ್ಕೆ ಭೀಮರಾಜು, ಒಂದೊಂದು ಅಕ್ಷರಕ್ಕೂ ಸೀಲು. ಯಾರ ದೀಪ ಯಾವಾಗ ಹತ್ತುತ್ತದೆಂದು ಹೊಡೆಯುವವರಿಗೆ ಗೊತ್ತಿಲ್ಲದ್ದರಿಂದ ಮೂವರೂ ಪ್ರತಿ ಅಕ್ಷರಕ್ಕೂ ಜೀವ ಕೊಟ್ಟು ಹೊಡೆದರು.

ರಿಯಾಜ್ ಹೆಬ್ಬೆರಳಿನಿಂದ ಕಟ್ಟೆಯ ಮೇಲೆ ತಾಳ ಹಾಕುತ್ತಿದ್ದರು. ಹಾಕುತ್ತಿದ್ದೇನೆಂದು ತಿಳಿದ ಮೇಲೆ ಕೈ ಜೇಬಿಗೆ ಹಾಕಿಕೊಂಡರು. "ಏಳು ಕಂಪ್ಯೂಟರ್ ಮಾರಿದ್ರೂ ಇಷ್ಟು ಮಜಾ ಬಂದಿರಲಿಲ್ಲ ಮೇಡಂ," ಎಂದು ಪಟ್ಟಿಯನ್ನು ತಾವೇ ಒರೆಸಿ ಪೆಟ್ಟಿಗೆಗೆ ಹಾಕಿದರು.

ಶನಿವಾರ ಹನ್ನೊಂದಕ್ಕೆ ಕರೀಮ್ ಸಾಬರು ಬಂದರು. ವೇದಾವತಿ ಅವರಿಗೆ ಬೆಂಚು ತೋರಿಸಿ ರೂಲರು ಎತ್ತಿದರು. ಮೂವರೂ ಸರದಿಯಲ್ಲಿ ಒಂದು ಪುಟ ಕುಟ್ಟಿದರು. ಎಲ್ಲೂ ಒಂದಕ್ಕೊಂದು ತಾಗಲಿಲ್ಲ. ಕರೀಮ್ ಸಾಬರು ಪರದೆ ನೋಡಿದರು, ಮಗಳ ಬೆರಳು ನೋಡಿದರು, ಎಣಿಸಿದರು.

"ಚೆನ್ನಾಗೈತೆ ಮೇಡಂ. ಆದ್ರೆ ನಮ್ ಬೇಟಿ ಹೊಡೆದಿದ್ದು ಮೂರರಲ್ಲಿ ಒಂದು. ಮೂರನೇ ಒಂದು ಪಾಲು ಕಲ್ತಂಗಾಗಲ್ವಾ?"

ವೇದಾವತಿ ಮೂವರನ್ನೂ ಪರದೆಗೆ ಬೆನ್ನು ಮಾಡಿಸಿದರು, ಪಾಠದ ಹಾಳೆ ಕೊಟ್ಟರು, ಎರಡು ದೀಪ ಆರಿಸಿದರು. ಆರು ಕೈಯೂ ಆಡುತ್ತಿದ್ದವು, ಪರದೆಯ ಮೇಲೆ ಬಂದದ್ದು ಎರಡು ಕೈಯ ಬರಹ. ಅದು ಓಡುತ್ತಿತ್ತು. ಎಲ್ಲೂ ಎಡವಲಿಲ್ಲ, ಸಾಲಿನ ಕೊನೆಗೆ ಬಂದು ಜಾರಿ ಮುಂದಿನ ಸಾಲಿಗೆ ಇಳಿಯುತ್ತಿತ್ತು. ಕ್ಷಣಕಾಲ ಕರೀಮ್ ಸಾಬರಿಗೆ ಅರ್ಥವಾಗಲಿಲ್ಲ. ವೇದಾವತಿ ಹತ್ತಿದ ಒಂದೇ ದೀಪವನ್ನೂ ಅದರ ವೈರನ್ನೂ ಬೆರಳಲ್ಲಿ ತೋರಿಸಿದರು. ಅವರು ವೈರಿನ ಗುಂಟ ಕಣ್ಣು ನಡೆಸಿ ನಡೆಸಿ ಮಗಳ ಬೆನ್ನ ಹಿಂದೆ ಬಂದು ನಿಂತರು. ಐಮನ್‌ಗೆ ಅಪ್ಪ ಹಿಂದಿರುವುದೂ ಗೊತ್ತಿಲ್ಲ, ತನ್ನ ದೀಪ ಹತ್ತಿರುವುದೂ ಗೊತ್ತಿಲ್ಲ. ಹೊಡೆಯುತ್ತಲೇ ಇದ್ದಳು.

ಆ ಕಡೆಯ ಸೆಂಟರಿಗೆ ತಾವು ಹೋಗಿ ನೋಡಿ ಬಂದದ್ದಾಗಿ ಕರೀಮ್ ಸಾಬರು ಆಮೇಲೆ ಹೇಳಿದರು. ಒಬ್ಬೊಬ್ಬರೂ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದರಂತೆ, ಯಾರು ಎಡವಿದರೂ ಯಾರಿಗೂ ಗೊತ್ತಾಗುವುದಿಲ್ಲವಂತೆ. ಹಾಸಿಗೆಗೆ ಹತ್ತಿ ಎಕ್ಕುವ ಬಿಲ್ಲು ಸರಿಯಾಗಿ ಮಿಡಿಯುತ್ತಿದೆಯೇ ಇಲ್ಲವೇ ಎಂದು ತಿಳಿಯುವುದು ಕಿವಿಗೆ, ಕಣ್ಣಿಗಲ್ಲ ಎಂದರು. ಅಷ್ಟು ಹೇಳಿ, ಒಂದು ಅಕ್ಷರ ನಾನೂ ಒತ್ತಲಾ ಎಂದು ಕೇಳಿದರು.

ಐಮನ್ ಜಾಗ ಬಿಟ್ಟಳು. ಅವರು ತೋರುಬೆರಳನ್ನು ಕೆ ಮೇಲೆ ಇಟ್ಟು, ಹಾಸಿಗೆಗೆ ಸೂಜಿ ತಳ್ಳುವಂತೆ, ಒತ್ತಿಯೇ ನಿಂತರು. ಪರದೆಯ ತುಂಬ ಕೆ ಕೆ ಕೆ ಎಂದು ಅಕ್ಷರಗಳು ಓಡತೊಡಗಿದವು, ಸಾಲು ಮುಗಿಸಿ, ಪುಟ ಮುಗಿಸಿ, ಇನ್ನೊಂದು ಪುಟಕ್ಕೆ. ಕರೀಮ್ ಸಾಬರ ಮುಖ ಅರಳಿತು. ಭೀಮರಾಜು ನಗು ನುಂಗಿಕೊಂಡು ಕಿಟಕಿಯಾಚೆಯ ಬೆಟ್ಟವನ್ನು ಬಹಳ ಆಸಕ್ತಿಯಿಂದ ನೋಡಿದರು. ಪಟಾಲಮ್ಮನ ಸೆರಗು ಮತ್ತೆ ಬಾಯಿಗೆ ಹೋಯಿತು.

"ಅಬ್ಬಾಜಾನ್, ಬೆರಳು ಎತ್ತಿ," ಅಂದಳು ಐಮನ್.

ಅವರು ಎತ್ತಿದರು. ಮೂರೂವರೆ ಪುಟ ಬಂದಿತ್ತು. ಅದನ್ನು ಮೇಲಿಂದ ಕೆಳಗೆ ನೋಡಿ, ಕಪ್ಪು ಪಟ್ಟಿಯತ್ತ ಬಗ್ಗಿ ಖಾಲಿ ಪೋರ್ಟುಗಳನ್ನು ಒಂದು, ಎರಡು ಎಂದು ಎಣಿಸಿದರು. ಐಮನ್‌ಳ ತಂಗಿ ಆರ್ಜೂ ಕಾಲೇಜಿಗೆ ಸೇರಿ ತಿಂಗಳಾಗಿತ್ತು, ಮಧ್ಯಾಹ್ನ ಬಿಡುವೇ.

"ಸೋಮವಾರ ಆರ್ಜೂನೂ ಇವಳ ಜೊತೆ ಬರ್ತಾಳೆ ಮೇಡಂ. ಅವಳಿಗೆ ಯಾವ ತೂತು?"

ಏಳು ಏಟನ್ನು ನಾಲ್ವರಿಗೆ ಹಂಚಿದರೆ ಸುತ್ತು ಹೇಗೆ ತಿರುಗುತ್ತದೆಂದು ವೇದಾವತಿಯವರ ಬೆರಳು ಆಗಲೇ ಸೀರೆಯ ಮೇಲೆ ಹೊಡೆದು ನೋಡುತ್ತಿತ್ತು. ತಿರುಗುತ್ತದೆ, ಎಲ್ಲ ಅಕ್ಷರವೂ ಎಲ್ಲರಿಗೂ ಬರುತ್ತದೆ. ಅವರು ಏನೂ ಸಿಕ್ಕಿಸದ ನಾಲ್ಕನೆಯ ಸ್ವಿಚ್ಚನ್ನು ಒತ್ತಿ ದೀಪ ಹಚ್ಚಿದರು.